ದಂಡಾಧೀಶನೂ ಹಿಟ್ಟಿನ ಕೋಳಿಯೂ: ಕವಿಚಕ್ರವರ್ತಿ ಜನ್ನ

ವಸಂತವೆಂದೊಡನೆ ನಮ್ಮ ವಿದ್ಯಾರ್ಥಿಗಳಿಗೆ ಮಾವಿನ ಚಿಗುರು, ಕೋಗಿಲೆ, ಮಲ್ಲಿಗೆಗಳು ನೆನಪಾಗುತ್ತವೆ. ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಪ್ರತಿ ವರ್ಷವೂ ಅವೇ ಮೂರು ಬರುತ್ತವೆ. ಆದರೆ ಜನಸಾಮಾನ್ಯರ ಮನಸ್ಸಿನಲ್ಲಿ ವಸಂತವು ಭಯದ ಕಾಲವೂ ಆಗಿತ್ತು. ಚಳಿ ಕಳೆದು ಬಿಸಿಲು ಏರುವ ಈ ಸಂಧಿಯಲ್ಲಿ ರೋಗರುಜಿನಗಳು ಹುಟ್ಟುತ್ತವೆ, ಕಾಣದ ಶಕ್ತಿಗಳು ಊರ ಗಡಿ ದಾಟಿ ಒಳಗೆ ಬರುತ್ತವೆ ಎಂಬ ನಂಬಿಕೆ ಅನೇಕ ದೇಶಗಳಲ್ಲಿದೆ. ಯುರೋಪಿನಲ್ಲಿ ಏಪ್ರಿಲ್ 30ರ ರಾತ್ರಿಗೆ ವಾಲ್ಪುರ್ಗಿಸ್ ರಾತ್ರಿ ಎಂದು ಹೆಸರು. ಅಂದು ಮಾಟಗಾತಿಯರು ಪೊರಕೆಗಳನ್ನೇರಿ ಜರ್ಮನಿಯ ಹಾರ್ಟ್ಸ್ ಬೆಟ್ಟಸಾಲಿನ ಬ್ರೋಕನ್ ಶಿಖರದಲ್ಲಿ ನೆರೆಯುತ್ತಾರೆಂದು ಜನ ನಂಬಿದ್ದರು. ಅವರನ್ನು ಓಡಿಸಲು ಬೆಂಕಿ ಹಾಕಿ ಗದ್ದಲವೆಬ್ಬಿಸುತ್ತಿದ್ದರು. 8ನೆಯ ಶತಮಾನದಲ್ಲಿ ಇಂಗ್ಲೆಂಡಿನಿಂದ ಜರ್ಮನಿಗೆ ಹೋಗಿ ಮಠಾಧಿಕಾರಿಣಿಯಾಗಿದ್ದ ವಾಲ್ಪುರ್ಗಾ ಎಂಬ ಸಾಧ್ವಿಯ ಹೆಸರು, ಅವಳ ಸ್ಮರಣೆಯ ದಿನ ಮೇ 1 ಆದ ಕಾರಣ, ಆ ರಾತ್ರಿಗೆ ಅಂಟಿಕೊಂಡಿತು. ಗಯಟೆ ತನ್ನ ಫೌಸ್ಟ್ ನಾಟಕದಲ್ಲಿ ಆ ರಾತ್ರಿಗೆ ಒಂದು ದೃಶ್ಯವನ್ನೇ ಮೀಸಲಿಟ್ಟ. ಡ್ರಾಕುಲಾ ಬರೆದ ಬ್ರಾಮ್ ಸ್ಟೋಕರನ ಒಂದು ಕಥೆಯೂ ಅದೇ ರಾತ್ರಿ ನಡೆಯುತ್ತದೆ. ಅಲ್ಲಿಂದ ಅದು ಜನಪ್ರಿಯ ಭಯಾನಕ ಕಥೆಗಳಿಗೂ ಚಲನಚಿತ್ರಗಳಿಗೂ ಹರಿಯಿತು.

ನಮ್ಮಲ್ಲಿಯೂ ಇದಕ್ಕೆ ಹತ್ತಿರದ ಆಚರಣೆ ಇಲ್ಲದಿಲ್ಲ. ಎಳೆಯ ಮಕ್ಕಳನ್ನು ಪೀಡಿಸುತ್ತಿದ್ದ ಢುಂಢಾ ಎಂಬ ರಾಕ್ಷಸಿಯನ್ನು ಫಾಲ್ಗುಣದ ಹುಣ್ಣಿಮೆಯಂದು ಬೆಂಕಿ ಹಚ್ಚಿ, ಬೊಬ್ಬೆ ಹಾಕಿ, ಬೈಗುಳ ಬೈದು ಓಡಿಸಬೇಕೆಂಬ ಪುರಾಣಕಥೆ ಕಾಮನ ಹುಣ್ಣಿಮೆಗೆ ಸೇರಿಕೊಂಡಿದೆ. ಮರಾಠಿ ಸೀಮೆಯಲ್ಲಿ ಇದೇ ಶಿಮಗಾ. ನಾನು ಕನ್ನಡವನ್ನೂ ಮರಾಠಿಯನ್ನೂ ಕಲಿತ ಶಾಲೆಯಲ್ಲಿ ಎರಡೂ ಭಾಷೆಯ ಹುಡುಗರು ಅಂದು ಒಂದೇ ಭಾಷೆಯಲ್ಲಿ ಬಾಯಿ ಬಡಿದುಕೊಳ್ಳುತ್ತಿದ್ದರು. ಆದರೆ ವಸಂತದ ಈ ಭಯವನ್ನು ಕಾವ್ಯದ ಬಾಗಿಲಲ್ಲೇ ನಿಲ್ಲಿಸಿ, ಅದರ ಬೇರು ಎಲ್ಲಿದೆಯೆಂದು ಕೇಳಿದ ಕನ್ನಡ ಕವಿಯೊಬ್ಬನಿದ್ದಾನೆ. ಈ ಸಂಚಿಕೆಯಲ್ಲಿ ಅವನ ಜೀವನವನ್ನು ಪರಿಚಯಿಸುವುದು ನನ್ನ ಉದ್ದೇಶ.

ಜನ್ನನ ತಂದೆ ಶಂಕರ. ಸುಮನೋಬಾಣನೆಂಬುದು ಅವನ ಬಿರುದು. ಅವನು ಹೊಯ್ಸಳ ಒಂದನೆಯ ನರಸಿಂಹನಲ್ಲಿ ಕಟಕೋಪಾಧ್ಯಾಯನಾಗಿದ್ದವನು. ಕಟಕವೆಂದರೆ ಸೈನ್ಯದ ಬೀಡು. ಹೀಗಾಗಿ ಅಕ್ಷರವೂ ಆಯುಧವೂ ಒಟ್ಟಿಗೇ ಇದ್ದ ಮನೆಯಲ್ಲಿ ಜನ್ನ ಬೆಳೆದ. ತಾಯಿ ಗಂಗಾದೇವಿ, ಪತ್ನಿ ಲಕುಮಾದೇವಿ, ಧರ್ಮಗುರು ರಾಮಚಂದ್ರ ಮುನೀಂದ್ರ. ಈ ಮನೆತನದ ವಿದ್ಯೆ ಅವನೊಬ್ಬನಿಗೇ ನಿಲ್ಲಲಿಲ್ಲ. ಸೂಕ್ತಿಸುಧಾರ್ಣವವೆಂಬ ಸಂಕಲನವನ್ನು ಮಾಡಿದ ಮಲ್ಲಿಕಾರ್ಜುನ ಅವನ ಸೋದರಿಯ ಗಂಡ. ಶಬ್ದಮಣಿದರ್ಪಣದ ಕೇಶಿರಾಜ ಸೋದರಳಿಯ. ನಾವು ಇಂದು ತರಗತಿಯಲ್ಲಿ ಹೇಳಿಕೊಡುವ ಹಳಗನ್ನಡ ವ್ಯಾಕರಣ ಒಂದರ್ಥದಲ್ಲಿ ಜನ್ನನ ತಂಗಿಯೋ ಅಕ್ಕನೋ ಹೆತ್ತ ಮಗುವಿನ ಕೊಡುಗೆ.

ಜನ್ನನ ಬರವಣಿಗೆ ಮೊದಲು ಕಾಣುವುದು ಕಲ್ಲಿನ ಮೇಲೆ. ಚನ್ನರಾಯಪಟ್ಟಣ ಸೀಮೆಯ 1191ರ ಒಂದು ಶಾಸನವನ್ನೂ ತರೀಕೆರೆ ಸೀಮೆಯ 1197ರ ಇನ್ನೊಂದನ್ನೂ ಅವನು ರಚಿಸಿದ್ದಾನೆ. ಶಾಸನಕವಿಗೆ ಸ್ಥಳ ಕಡಿಮೆ, ಮಾತು ತೂಕದ್ದಾಗಿರಬೇಕು. ಮುಂದೆ ಅವನ ಕಾವ್ಯದಲ್ಲಿ ಕಾಣುವ ಬಿಗಿಗೆ ಈ ಅಭ್ಯಾಸವೂ ಕಾರಣವಿದ್ದೀತೆಂದು ನನ್ನ ಊಹೆ.

ಆಗ ದೋರಸಮುದ್ರದಲ್ಲಿ ಇಮ್ಮಡಿ ವೀರಬಲ್ಲಾಳನ ಆಳ್ವಿಕೆ. 1173ರಲ್ಲಿ ಪಟ್ಟಕ್ಕೆ ಬಂದ ಅವನು ಸುಮಾರು 47 ವರ್ಷ ಆಳಿದ. ಅದರಲ್ಲಿ ಬಹುಪಾಲು ಯುದ್ಧದ ವರ್ಷಗಳೇ. ಕಲ್ಯಾಣ ಚಾಲುಕ್ಯರ ರಾಜ್ಯ ಕುಸಿದಾಗ ಅದರ ಪಾಲಿಗಾಗಿ ಉತ್ತರದಿಂದ ಸೇವುಣರೂ ದಕ್ಷಿಣದಿಂದ ಹೊಯ್ಸಳರೂ ಕೈಚಾಚಿದರು. 1190ರ ಸುಮಾರಿಗೆ ಗದಗಿನ ಬಳಿಯ ಸೊರಟೂರಿನಲ್ಲಿ ಭಿಲ್ಲಮನ ಸೈನ್ಯವನ್ನು ಬಲ್ಲಾಳ ಮುರಿದ. ನನಗೆ ಮರಾಠಿ ಪಾಠದಲ್ಲಿ ದೇವಗಿರಿಯ ಯಾದವರ ವೈಭವವನ್ನು ಹೇಳಿಕೊಟ್ಟರು, ಕನ್ನಡ ಪಾಠದಲ್ಲಿ ಸೇವುಣರ ಸೋಲನ್ನು ಹೇಳಿಕೊಟ್ಟರು. ಇಬ್ಬರೂ ಒಂದೇ ಮನೆತನದವರೆಂದು ತಿಳಿಯಲು ಕೆಲವು ವರ್ಷಗಳೇ ಹಿಡಿದವು. ಅದಿರಲಿ. ಈ ಯುದ್ಧಗಳ ನಡುವೆಯೇ ನೇಮಿಚಂದ್ರ, ರುದ್ರಭಟ್ಟರು ಬರೆದರು, ಜನ್ನನೂ ಬರೆದ. ಬಲ್ಲಾಳನು ಅವನಿಗೆ ಕವಿಚಕ್ರವರ್ತಿ ಬಿರುದನ್ನು ಕೊಟ್ಟ. ಕನ್ನಡದಲ್ಲಿ ಆ ಬಿರುದು ಪೊನ್ನನಿಗೆ ರಾಷ್ಟ್ರಕೂಟ ಕೃಷ್ಣನಿಂದ, ರನ್ನನಿಗೆ ಚಾಲುಕ್ಯ ತೈಲಪನಿಂದ ಸಂದಿತ್ತು, ಜನ್ನ ಮೂರನೆಯವನು. ಬಲ್ಲಾಳನ ಮಗ ನರಸಿಂಹನ ಕಾಲಕ್ಕೆ ಅವನು ಆಸ್ಥಾನದಲ್ಲಿ ಮಂತ್ರಿಯೂ ಹೌದು, ಸೈನ್ಯದ ಮುಂದೆ ದಂಡಾಧೀಶನೂ ಹೌದು. ಇದನ್ನು ಅವನೇ ಅಭಿಮಾನದಿಂದ ಹೇಳಿಕೊಂಡಿದ್ದಾನೆ. ಈ ಸಂಗತಿಯನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಏಕೆಂದರೆ ಅವನ ಮುಖ್ಯ ಕಾವ್ಯವು ಕತ್ತಿಯನ್ನು ಕುರಿತದ್ದು.

ಆ ಕಾವ್ಯ 1209ರಲ್ಲಿ ಮುಗಿದ ಯಶೋಧರ ಚರಿತೆ. ನಾಲ್ಕು ಅವತಾರಗಳು, 300ಕ್ಕೆ ಸ್ವಲ್ಪ ಮೇಲ್ಪಟ್ಟ ಪದ್ಯಗಳು, ಬಹುಪಾಲು ಕಂದ. ಚಂಪೂಕಾವ್ಯದ ವಚನಭಾಗಗಳ ಗೊಡವೆಗೆ ಅವನು ಹೋಗಲಿಲ್ಲ. ಕಥೆ ಹೊಸದಲ್ಲ. ಹರಿಭದ್ರನ ಪ್ರಾಕೃತ ಕೃತಿಯಲ್ಲಿ ಅದು ಬಂದಿತ್ತು. ಮಾನ್ಯಖೇಟದ ಪುಷ್ಪದಂತ ಅಪಭ್ರಂಶದಲ್ಲಿ ಹಾಡಿದ್ದ. ವಾದಿರಾಜ ಸಂಸ್ಕೃತದಲ್ಲಿ ಸಂಕ್ಷೇಪವಾಗಿ ಹೇಳಿದ್ದ. ಇವರೆಲ್ಲರಿಗಿಂತ ವಿಸ್ತಾರವಾಗಿ ಬರೆದವನು ಸೋಮದೇವಸೂರಿ. ಅವನ ಯಶಸ್ತಿಲಕ ಚಂಪೂ 959ರಲ್ಲಿ, ಚೈತ್ರಮಾಸದಲ್ಲಿಯೇ ಮುಗಿಯಿತು. ಬ್ರೋಕನ್ ಶಿಖರದ ಮಾಟಗಾತಿಯರಿಗೆ ಸಮನಾದ ಚಿತ್ರ ಬೇಕೆನ್ನುವವರು ಅಲ್ಲಿ ನೋಡಬೇಕು: ಚಂಡಮಾರಿಯ ಗುಡಿಗೆ ಆಕಾಶದಿಂದ ಇಳಿದು ಬಂದು ನೆರೆಯುವ ಮಹಾಯೋಗಿನಿಯರು, ತಮ್ಮ ದೇಹವನ್ನೇ ದಂಡಿಸಿಕೊಳ್ಳುವ ಭಕ್ತರು, ಕಟ್ಟಿಹಾಕಿದ ಮೃಗಗಳ ಕೂಗು. ಸೋಮದೇವನಿಗೆ ಪುಟಗಟ್ಟಲೆ ಹಿಡಿದದ್ದನ್ನು ಜನ್ನ ವಾದಿರಾಜನ ದಾರಿಯಲ್ಲಿ ನಡೆದು ಬೆರಳೆಣಿಕೆಯ ಪದ್ಯಗಳಲ್ಲಿ ಮುಗಿಸುತ್ತಾನೆ. ಆದರೆ ಭಯವನ್ನು ಇಳಿಸಲಿಲ್ಲ, ಅದನ್ನು ಬೇರೊಂದು ಕಡೆಗೆ ಸರಿಸಿದ.

ರಾಜಪುರದ ದೊರೆ ಮಾರಿದತ್ತ. ಅವನ ಊರಿನಲ್ಲಿ ಚಂಡಮಾರಿಗೆ ಆಶ್ವಯುಜದಲ್ಲಿಯೂ ಚೈತ್ರದಲ್ಲಿಯೂ ಜಾತ್ರೆ. ಬಲಿ ಕೊಡದಿದ್ದರೆ ದೇವಿ ಮುನಿಯುತ್ತಾಳೆ, ನಾಡಿಗೆ ಕೇಡು ಬರುತ್ತದೆ. ಚೈತ್ರ ಬಂತು. ಎಲ್ಲ ಕವಿಗಳೂ ವಸಂತವನ್ನು ಬಣ್ಣಿಸುವ ಹೊತ್ತು ಇದು. ಜನ್ನನೂ ಬಣ್ಣಿಸುತ್ತಾನೆ, ಆದರೆ ಆ ಜಾತ್ರೆಗೆ ತಕ್ಕಂತೆ. ಅವನ ವಸಂತನು ಹರಕೆ ತೀರಿಸಲು ಬಂದವನು. ಶಿಶಿರನನ್ನು ಬಲಿಪಶುವಾಗಿ ಹಿಡಿದಿದ್ದಾನೆ. ಕಾಡಿನಲ್ಲಿ ಉದುರಿಬಿದ್ದ ಮುತ್ತುಗದ ಮುಗುಳುಗಳು ಕೊಚ್ಚಿಹಾಕಿದ ಮಾಂಸದ ಚೂರುಗಳಂತೆ ತೋರುತ್ತವೆ. ಬೇಸಿಗೆಯ ಬಾಯಲ್ಲಿ ಮುತ್ತುಗದ ಮರದ ಕೆಳಗೆ ನಿಂತು ನೆಲ ನೋಡಿದವರಿಗೆ ಈ ಹೋಲಿಕೆಯನ್ನು ಮರೆಯುವುದು ಕಷ್ಟ. ಪ್ರಕೃತಿಯೇ ಬಲಿಗೆ ಒಪ್ಪಿದೆಯೆಂದು ತೋರುವ ಊರಿನಲ್ಲಿ ಮನುಷ್ಯನು ಒಪ್ಪದೆ ಇರುವುದು ಹೇಗೆ ಎಂಬ ಪ್ರಶ್ನೆಯಿಂದ ಕಾವ್ಯ ಹೊರಡುತ್ತದೆ.

ದೊರೆಯ ಅಪ್ಪಣೆಯಂತೆ ತಳವಾರ ಚಂಡಕರ್ಮನು ನರಬಲಿಗೆಂದು ಒಂದು ಎಳೆಯ ಜೋಡಿಯನ್ನು ಹಿಡಿದು ತರುತ್ತಾನೆ. ಅಭಯರುಚಿ, ಅಭಯಮತಿ; ಅಣ್ಣ ತಂಗಿ; ಸುದತ್ತಾಚಾರ್ಯರ ಸಂಘದ ಕಿರಿಯ ವ್ರತಿಗಳು. ಎತ್ತಿದ ಕತ್ತಿಯ ಮುಂದೆ ಅವರು ಅಂಜುವುದಿಲ್ಲ. ನೀವು ಯಾರು ಎಂದು ಮಾರಿದತ್ತ ಕೇಳಬೇಕಾಗುತ್ತದೆ. ಕೇಳಿದ್ದೇ ಅವನ ಉದ್ಧಾರಕ್ಕೆ ದಾರಿಯಾಯಿತು. ಹುಡುಗ ಹೇಳುವ ಉತ್ತರವೇ ಉಳಿದ ಕಾವ್ಯ.

ಉಜ್ಜಯಿನಿಯ ಯಶೋಧರನಿಗೆ ಅಮೃತಮತಿ ಪಟ್ಟದರಾಣಿ. ಬೆಳಗಿನ ಜಾವದಲ್ಲಿ ಆನೆಯ ಲಾಯದಿಂದ ಒಂದು ಹಾಡು ಕೇಳಿ ಅವಳ ಮನಸ್ಸು ಅತ್ತ ಹೋಯಿತು. ಹಾಡಿದವನು ವಿಕಾರರೂಪಿ ಮಾವಟಿಗ ಅಷ್ಟಾವಂಕ. ರೂಪದ ವಿಷಯ ತಿಳಿದ ಮೇಲೂ ಅವಳು ಹಿಂದೆ ಸರಿಯಲಿಲ್ಲ. ಒಂದು ರಾತ್ರಿ ಗಂಡ ಅವಳನ್ನು ಹಿಂಬಾಲಿಸಿ ಹೋಗಿ, ತಡವಾಗಿ ಬಂದಳೆಂದು ಮಾವಟಿಗ ಅವಳನ್ನು ಹೊಡೆಯುವುದನ್ನೂ ಅವಳು ಅದನ್ನು ಸಹಿಸುವುದನ್ನೂ ಮರೆಯಲ್ಲಿ ನಿಂತು ಕಂಡ. ಕತ್ತಿ ಎತ್ತಿದ, ಆದರೆ ಇಳಿಸಿದ. ಮರುದಿನ ನೈದಿಲೆಯ ಹೂವಿನಿಂದ ಅವಳನ್ನು ತಾಕಿದಾಗ ಅವಳು ಮೂರ್ಛೆಹೋದಂತೆ ನಟಿಸಿದಳು. ಅವನು ವ್ಯಂಗ್ಯದ ಮಾತಾಡಿದ. ತಾಯಿ ಚಂದ್ರಮತಿಗೆ ಮಗನ ಕಳವಳ ಕಂಡಿತು. ಅವನು ನಿಜ ಹೇಳಲಾರದೆ ಕೆಟ್ಟ ಕನಸು ಕಂಡೆನೆಂದ. ಕನಸಿನ ದೋಷಕ್ಕೆ ದೇವಿಗೆ ಬಲಿಯಾಗಬೇಕೆಂದು ತಾಯಿ ಹಟ ಹಿಡಿದಳು. ಜೀವವನ್ನು ಕೊಲ್ಲಲಾರೆನೆಂದು ಮಗ ಹಿಂಜರಿದ. ಕೊನೆಗೆ ಇಬ್ಬರೂ ಒಂದು ಒಪ್ಪಂದಕ್ಕೆ ಬಂದರು: ಕೋಳಿ ಬೇಡ, ಹಿಟ್ಟಿನ ಕೋಳಿಯಾಗಲಿ.

ಈ ಒಪ್ಪಂದವನ್ನು ಇಂದಿನ ಓದುಗರು ಬುದ್ಧಿವಂತಿಕೆಯೆಂದು ಮೆಚ್ಚಬಹುದು. ನಮ್ಮ ಮನೆಗಳಲ್ಲಿ ಆಯುಧಪೂಜೆಯಂದು ಬೂದುಗುಂಬಳಕ್ಕೆ ಕುಂಕುಮ ತುಂಬಿ ಒಡೆಯುವುದು ಇದೇ ಬಗೆಯದು. ಜನ್ನನ ಶತಮಾನದಲ್ಲಿಯೇ ಮಧ್ವಾಚಾರ್ಯರು ಯಜ್ಞದಲ್ಲಿ ಹಿಟ್ಟಿನ ಪಶುವನ್ನು ಬಳಕೆಗೆ ತಂದರು. ಅದರಿಂದ ಉಳಿದ ಪ್ರಾಣಿಗಳೆಷ್ಟೋ. ಜನ್ನ ಮಾತ್ರ ಇಷ್ಟಕ್ಕೆ ಒಪ್ಪುವುದಿಲ್ಲ. ಅವನ ಕಾವ್ಯದಲ್ಲಿ ಹಿಟ್ಟಿನ ಕೋಳಿಯ ಚೆಲುವಿಗೆ ಮರುಳಾಗಿ ಒಂದು ಬೆಂತರ ಅದರೊಳಗೆ ಸೇರಿಕೊಳ್ಳುತ್ತದೆ. ದೊರೆಯ ಕತ್ತಿ ಬಿದ್ದಾಗ ಕೋಳಿ ಕೂಗುತ್ತದೆ. ಅವನು ಕಡಿದದ್ದು ಹಿಟ್ಟನ್ನಾದರೂ ಕಡಿಯುವ ಕ್ಷಣದಲ್ಲಿ ಮನಸ್ಸಿನಲ್ಲಿದ್ದದ್ದು ಕೊಲೆಯೇ. ಜೈನರು ಇದನ್ನು ಸಂಕಲ್ಪಹಿಂಸೆ ಎನ್ನುತ್ತಾರೆ. ನನ್ನ ದೃಷ್ಟಿಯಲ್ಲಿ ಇಡೀ ಕಾವ್ಯದ ಭಯಂಕರ ಸ್ಥಳ ಮಾರಿಯ ಗುಡಿಯಲ್ಲ, ಆ ಕೂಗು. ಹೊರಗೆ ಹಾರಾಡುವ ಯೋಗಿನಿ, ಡಾಕಿನಿಯರ ಭಯವನ್ನು ಜನ್ನ ಕತ್ತಿ ಹಿಡಿದ ಕೈಗೆ ತಂದುಬಿಟ್ಟ.

ಫಲ ಕೂಡಲೇ ಬಂತು. ಅಮೃತಮತಿ ಗಂಡನಿಗೂ ಅತ್ತೆಗೂ ವಿಷವಿಕ್ಕಿ ಕೊಂದಳು. ತಾಯಿ ಮಗ ಇಬ್ಬರೂ ಜನ್ಮದಿಂದ ಜನ್ಮಕ್ಕೆ ತೊಳಲಿದರು: ನವಿಲು ನಾಯಿಗಳಾಗಿ, ಒಬ್ಬರನ್ನೊಬ್ಬರು ತಿನ್ನುವ ಪ್ರಾಣಿಗಳಾಗಿ, ಮೀನು ಮೊಸಳೆಗಳಾಗಿ, ಆಡು ಕೋಣಗಳಾಗಿ, ಕಡೆಗೆ ಕೋಳಿಗಳಾಗಿ. ಈ ಜನ್ಮಗಳ ಕಥೆಯಲ್ಲಿ ಯಶೋಧರ ತನ್ನದೇ ಶ್ರಾದ್ಧದ ಅಡುಗೆಗೆ ತಾನೇ ಒದಗುವ ಸಂದರ್ಭವಿದೆ. ತಂದೆಯ ಸದ್ಗತಿಗೆಂದು ಮಗನು ತಂದೆಯನ್ನೇ ಬೇಯಿಸುತ್ತಾನೆ. ಜನ್ನ ಇಲ್ಲಿ ದನಿ ಎತ್ತುವುದಿಲ್ಲ, ಶಾಸನದಂತೆ ಚುಟುಕಾಗಿ ಹೇಳಿ ಮುಂದೆ ಹೋಗುತ್ತಾನೆ. ಕೋಳಿಗಳನ್ನು ಮಗ ಯಶೋಮತಿ ತನ್ನ ಬಿಲ್ಲುಗಾರಿಕೆಯ ಹಮ್ಮಿನಲ್ಲಿ ದನಿಯನ್ನೇ ಗುರಿಮಾಡಿ ಕೊಂದ. ಆದರೆ ಸಾಯುವ ಮೊದಲು ಅವು ಧರ್ಮದ ಮಾತನ್ನು ಕೇಳಿದ್ದವು. ಅದೇ ಯಶೋಮತಿಯ ರಾಣಿ ಕುಸುಮಾವಳಿಯ ಅವಳಿಗಳಾಗಿ ಹುಟ್ಟಿದವು. ಅವರೇ ಈಗ ಮಾರಿದತ್ತನ ಮುಂದೆ ನಿಂತಿರುವ ಅಭಯರುಚಿ, ಅಭಯಮತಿ. ಕುಸುಮಾವಳಿ ಮಾರಿದತ್ತನ ಸೋದರಿ. ಬಲಿಗೆ ತಂದ ಮಕ್ಕಳು ಅವನ ಸೋದರಿಯ ಮಕ್ಕಳೇ.

ಮಾರಿದತ್ತನ ಕತ್ತಿ ಜಾರಿತು. ಅವನು ರಾಜ್ಯ ಬಿಟ್ಟು ದೀಕ್ಷೆಗೆ ಹೊರಟ. ಈ ಘಟ್ಟದಲ್ಲಿ ಚಂಡಮಾರಿಯೇ ಪ್ರತ್ಯಕ್ಷಳಾಗಿ, ಇನ್ನು ಮುಂದೆ ತನ್ನ ಜಾತ್ರೆಯಲ್ಲಿ ಕೊಲೆ ಕೂಡದು, ಹೂವು, ಗಂಧ, ಧೂಪದೀಪಗಳೇ ಸಾಕು ಎಂದು ಪ್ರಜೆಗಳಿಗೆ ಹೇಳುತ್ತಾಳೆ. ಯುರೋಪಿನ ಇತಿಹಾಸದೊಂದಿಗೆ ಇದನ್ನು ಹೋಲಿಸಿ ನೋಡಬೇಕು. ಅಲ್ಲಿ ಮಾಟಗಾತಿಯರ ಭಯ ಕಥೆಯಲ್ಲೇ ನಿಲ್ಲದೆ ನ್ಯಾಯಾಲಯಕ್ಕೆ ಬಂತು. 15ರಿಂದ 18ನೆಯ ಶತಮಾನದ ನಡುವೆ ಸುಮಾರು 40,000ದಿಂದ 60,000 ಮಂದಿಯನ್ನು ಕೊಂದರು, ಅವರಲ್ಲಿ ಬಹುಪಾಲು ಹೆಂಗಸರು. ಜನ್ನನಲ್ಲಿ ಭಯದ ದೇವಿಯನ್ನು ಯಾರೂ ಸುಡಲಿಲ್ಲ, ಓಡಿಸಲಿಲ್ಲ. ಅವಳ ಗುಡಿ ಅಲ್ಲಿಯೇ ಉಳಿಯಿತು, ಜಾತ್ರೆಯೂ ಉಳಿಯಿತು. ರಕ್ತ ಬೇಕೆಂದು ಹೇಳಿದ್ದು ಅವಳಲ್ಲ, ಅವಳ ಹೆಸರಿನಲ್ಲಿ ಮನುಷ್ಯರು ಎಂಬಂತೆ ಕಥೆ ಮುಗಿಯುತ್ತದೆ.

ಹಾಗೆಂದು ಜನ್ನನನ್ನು ಪೂರ್ತಿಯಾಗಿ ಬಿಟ್ಟುಕೊಡಲು ನನಗೆ ಮನಸ್ಸಿಲ್ಲ. ಮಾರಿಗೆ ಸಿಕ್ಕ ಕ್ಷಮೆ ಅಮೃತಮತಿಗೆ ಸಿಗಲಿಲ್ಲ. ಅವಳಿಗೆ ಕುಷ್ಠ, ಆಮೇಲೆ ನರಕ. ಕೊಲೆ ಮಾಡಿದವಳಿಗೆ ಶಿಕ್ಷೆಯಾಗಬಾರದೆಂದು ನಾನು ಹೇಳುತ್ತಿಲ್ಲ. ಆದರೆ ಅದೇ ಮನೆಯ ಇಬ್ಬರು ಕೊಲೆಯ ಸಂಕಲ್ಪ ಮಾಡಿ ಹಲವು ಜನ್ಮಗಳ ಕೊನೆಗಾದರೂ ಬೆಳಕು ಕಂಡರು, ಇವಳಿಗೆ ಅಂಥ ಒಂದು ಜನ್ಮವನ್ನೂ ಕವಿ ಕೊಡಲಿಲ್ಲ. ವಿಚಿತ್ರವೆಂದರೆ ಕಾವ್ಯದ ಅತ್ಯಂತ ಜೀವಂತ ಪದ್ಯಗಳು ಅವಳ ರಾತ್ರಿಯವೇ. ಹಾಡು ಕಿವಿಗೆ ಬಿದ್ದ ಗಳಿಗೆಯನ್ನು ಬರೆಯುವಾಗ ಜನ್ನನೊಳಗಿನ ಧರ್ಮಬೋಧಕ ಸ್ವಲ್ಪ ಹೊತ್ತು ಸುಮ್ಮನಾಗುತ್ತಾನೆ. ಆ ಮೌನದಿಂದಲೇ ಇರಬೇಕು, ಸುಮಾರು 770 ವರ್ಷಗಳ ತರುವಾಯ ಗಿರೀಶ ಕಾರ್ನಾಡರು ಇದೇ ಕಥೆಯನ್ನು ಹಿಟ್ಟಿನ ಹುಂಜವೆಂಬ ನಾಟಕವಾಗಿ ಬರೆದರು. ಅಲ್ಲಿ ರಾಣಿ ಜೈನಳು. ಹಿಟ್ಟಿನ ಹುಂಜವನ್ನೂ ಕಡಿಯಲಾಗದೆಂಬ ನಿಲುವು ಅವಳದೇ.

ಯಶೋಧರ ಚರಿತೆಯ ನಂತರ ಜನ್ನನ ಲೇಖನಿಗೆ ದೀರ್ಘ ವಿರಾಮವಿದೆ. 1230ರಲ್ಲಿ ಅನಂತನಾಥ ಪುರಾಣ ಮುಗಿಯಿತು; 14ನೆಯ ತೀರ್ಥಂಕರನ ಚರಿತೆ, 14 ಆಶ್ವಾಸಗಳು. ಸಂಪ್ರದಾಯಕ್ಕೆ ತಕ್ಕ ಪ್ರೌಢಕಾವ್ಯವೇ ಸರಿ, ಆದರೆ ಓದುಗರು ಹುಡುಕಿಕೊಂಡು ಹೋಗುವುದು ಅದರೊಳಗಿನ ಚಂಡಶಾಸನನ ಕಥೆಗೆ. ಗೆಳೆಯ ವಸುಷೇಣನ ಹೆಂಡತಿ ಸುನಂದೆಯನ್ನು ಅವನು ಕದ್ದೊಯ್ದ. ಅವಳನ್ನು ಒಲಿಸಿಕೊಳ್ಳಲು ಗಂಡನ ತಲೆಯೆಂದು ಒಂದು ಕೃತಕ ತಲೆಯನ್ನು ತೋರಿಸಿದ. ಅವಳು ಅದನ್ನು ಕಂಡೊಡನೆ ಪ್ರಾಣ ಬಿಟ್ಟಳು. ಅವನು ಅವಳ ಚಿತೆಯನ್ನೇ ಏರಿದ. ಹಿಟ್ಟಿನ ಕೋಳಿಯಂತೆ ಇಲ್ಲಿಯೂ ಒಂದು ಸುಳ್ಳು ವಸ್ತು ನಿಜವಾದ ಸಾವನ್ನು ತಂದಿತೆಂಬುದನ್ನು ಗಮನಿಸಬೇಕು. ಅನುಭವಮುಕುರವೆಂಬ ಕಾಮಶಾಸ್ತ್ರದ ಕಿರುಗ್ರಂಥವನ್ನೂ ಅವನದೆಂದು ಹೇಳುವ ವಾಡಿಕೆಯಿದೆ.

ಈ ಕವಿಯನ್ನು ಕಣೇಕಲ್ಲಿನಲ್ಲಿ ಕುಳಿತು ಓದುವುದಕ್ಕೆ ಬೇರೆಯೇ ಅರ್ಥವಿದೆ. ಜೈನಧರ್ಮ ಈ ನೆಲಕ್ಕೆ ಹೊರಗಿನದಲ್ಲ. ರಾಯದುರ್ಗದ ಬೆಟ್ಟದಲ್ಲಿ ರಸಸಿದ್ಧರ ಗವಿಗಳ ಬಳಿ ಬಂಡೆಯಲ್ಲಿ ಕಡೆದ ಜಿನಬಿಂಬಗಳಿವೆ; ಮಡಕಶಿರಾ ಕಡೆಯ ಅಮರಾಪುರದಲ್ಲಿ ಜನ್ನನ ಶತಮಾನದ್ದೇ ಆದ ಜೈನ ಶಾಸನ ಸಿಕ್ಕಿದೆ. ಮಾರಿಯೂ ಹೊರಗಿನವಳಲ್ಲ. ವೇದಾವತಿಯ ಮರಳು ಕಾದು ಗಾಳಿ ಬಿಸಿಯಾಗುವ ದಿನಗಳಲ್ಲಿ ನಮ್ಮ ವಿದ್ಯಾರ್ಥಿಗಳ ಊರುಗಳಲ್ಲಿ ಬೇವಿನ ತೋರಣ ಕಟ್ಟಿ ಮಾರೆಮ್ಮನನ್ನು ಕರೆಯುತ್ತಾರೆ. ಅವಳ ಎದುರು ತೆಲುಗು ಕನ್ನಡಗಳ ಭೇದವಿಲ್ಲ. ಪ್ರಾಣಿಬಲಿಯನ್ನು ನಿಷೇಧಿಸುವ ಕಾಯಿದೆಯನ್ನು ಮದರಾಸು ಸರ್ಕಾರ 1950ರಲ್ಲಿ ಮಾಡಿತು. ರಾಯದುರ್ಗ ಆಗ ಬಳ್ಳಾರಿ ಜಿಲ್ಲೆಯಲ್ಲಿತ್ತು, ಬಳ್ಳಾರಿ ಮದರಾಸಿನಲ್ಲಿತ್ತು. 1953ರಲ್ಲಿ ತಾಲ್ಲೂಕು ಆಂಧ್ರಕ್ಕೆ ಬಂತು; ಗಡಿಯಾಚೆ 1959ರಲ್ಲಿ ಕರ್ನಾಟಕದ್ದೇ ಬೇರೆ ಕಾಯಿದೆಯಾಯಿತು. ಎರಡು ರಾಜ್ಯಗಳೂ ಕಾಯಿದೆಯಿಂದ ಸಾಧಿಸಹೊರಟದ್ದನ್ನು ಜನ್ನ ಮಾರಿಯ ಬಾಯಿಂದಲೇ ಹೇಳಿಸಿದ್ದ. ತರಗತಿಯಲ್ಲಿ ಈ ಭಾಗ ಬಂದಾಗ ಪ್ರತಿ ವರ್ಷ ಯಾರಾದರೊಬ್ಬರು ಎದ್ದು, ಹಾಗಾದರೆ ಹರಕೆ ತೀರುವುದು ಹೇಗೆ ಎಂದು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ, ಚಂದ್ರಮತಿಯದೂ ಅದೇ ಪ್ರಶ್ನೆಯಾಗಿತ್ತು.

ಮಂತ್ರಿಯಾಗಿ, ದಂಡಾಧೀಶನಾಗಿ ಜನ್ನ ಎಷ್ಟು ಯುದ್ಧಗಳಲ್ಲಿ ನಿಂತನೋ, ಅವನ ಅಪ್ಪಣೆಯಿಂದ ಎಷ್ಟು ತಲೆಗಳು ಉರುಳಿದವೋ ಕಾವ್ಯ ಹೇಳುವುದಿಲ್ಲ. ತನ್ನ ಎರಡು ಬಾಳುಗಳನ್ನು ಅವನು ಎಲ್ಲಿಯೂ ಒಟ್ಟಿಗೆ ತೂಗಿ ನೋಡಿಲ್ಲ. ಹಿಟ್ಟಿನ ಕೋಳಿಗೆ ಅಷ್ಟು ಜನ್ಮಗಳ ಲೆಕ್ಕ ಹಾಕಿದ ಕೈ, ಬೆಳಗಾದರೆ ಸೈನ್ಯದ ಲೆಕ್ಕ ನೋಡುತ್ತಿದ್ದಿರಬೇಕು. ಗಳಿಸಿದ್ದರಲ್ಲಿ ಒಂದು ಪಾಲನ್ನು ಅವನು ಬಸದಿಗಳಿಗೆ ಕೊಟ್ಟ. ದೋರಸಮುದ್ರದ ಪಾರ್ಶ್ವಜಿನನ ಬಸದಿಗೆ ದ್ವಾರವನ್ನು ಕಟ್ಟಿಸಿದನೆಂದು ತಿಳಿದುಬರುತ್ತದೆ.

ವಿಭಾಗದ ಪ್ರವಾಸಕ್ಕೆ ಹಳೇಬೀಡಿಗೆ ಹೋಗುವ ವಿದ್ಯಾರ್ಥಿಗಳು ಹೊಯ್ಸಳೇಶ್ವರ ಗುಡಿಯ ಮುಂದೆ ಚಿತ್ರ ತೆಗೆಸಿಕೊಂಡು ಬಸ್ಸು ಹತ್ತಿಬಿಡುವುದು ವಾಡಿಕೆ. ಅಲ್ಲಿಂದ ಸ್ವಲ್ಪ ದೂರದಲ್ಲಿ ಬಸದಿಹಳ್ಳಿಯಿದೆ. 1133ರಲ್ಲಿ ಕಟ್ಟಿದ ಪಾರ್ಶ್ವನಾಥ ಬಸದಿಯ ನವರಂಗದಲ್ಲಿ ತಿರುಗಣಿಯಲ್ಲಿ ನಯಗೊಳಿಸಿದ ಕರಿಯ ಕಂಬಗಳಿವೆ. ಹತ್ತಿರ ಹೋಗಿ ನಿಂತರೆ ಕಲ್ಲಿನಲ್ಲಿ ನಮ್ಮ ಮುಖ ಕಾಣುತ್ತದೆ. ಜನ್ನನೂ ಅಲ್ಲಿ ನಿಂತಿದ್ದಾನು.